ಜಯಕ್ಕ ಕಾದ ರೈಲು

ಜಯಕ್ಕ ಯಾರೊಂದಿಗೆ ಮಾತಾಡುತ್ತಿದ್ದರೂ ಅವರ ಒಂದು ಕಿವಿ ಒಳಮನೆಯ ಕಡೆಗೇ ಇರುತ್ತಿತ್ತು. ಅಲ್ಲಿ ತಾಯಿಯಿಲ್ಲದ ಮೊಮ್ಮಗಳು ಚಿನ್ನು ಮಲಗಿರುತ್ತಿದ್ದಳು. ಅವಳ ಉಸಿರು ಸ್ವಲ್ಪ ಸುಯ್‌ಗುಟ್ಟಿದರೂ ಸಾಕು, ಮಾತು ಅರ್ಧಕ್ಕೇ ಬಿಟ್ಟು ಓಡುತ್ತಿದ್ದರು.

ಕುಶಾಲನಗರದಿಂದ ಮಡಿಕೇರಿಗೆ ಹೋಗುವ ರಸ್ತೆಯ ಅಂಚಿಗೇ ಅವರ ಮನೆ. ಪಕ್ಕದಲ್ಲಿ ನನ್ನ ಕಾಫಿಪುಡಿ, ಏಲಕ್ಕಿ ಅಂಗಡಿ. ರಜೆ ಬಂದರೆ ಮೈಸೂರು, ಬೆಂಗಳೂರಿನ ಕಾರುಗಳು ಸಾಲುಗಟ್ಟಿ ನಿಂತು ಹೊಗೆ ಉಗುಳುತ್ತವೆ. ನನಗೇನೋ ವ್ಯಾಪಾರ, ಜಯಕ್ಕನಿಗೆ ಜೀವ ಬಾಯಿಗೆ ಬಂದಂತೆ. ಕಿಟಕಿ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕುತ್ತಿದ್ದರು. ಮಗುವನ್ನು ಹೊಗೆಯಿಂದ ದೂರವಿಡಿ ಎಂದು ಡಾಕ್ಟರು ಹೇಳಿದ್ದರು. ದೂರ ಎಂದರೆ ತಂಗಿಯ ಮನೆ, ಅಲ್ಲಿ ಹಂಗಿನ ಅನ್ನ.

"ರೈಲು ಬರ್ಬೇಕು ಕಣೋ ರವಿ," ಎನ್ನುತ್ತಿದ್ದರು. "ಕರೆಂಟಲ್ಲಿ ಓಡ್ತದಂತೆ. ಇಷ್ಟೂ ಕಾರಿನ ಜನ ಒಂದೇ ರೈಲಲ್ಲಿ ಬಂದು ಇಳೀತಾರೆ." ಜಿಲ್ಲೆಯಲ್ಲಿ ಹಳಿಯೇ ಇಲ್ಲದ ನಮಗೆ ಇದೊಂದು ತಮಾಷೆಯಾಗಿತ್ತು.

ಸರ್ವೆಯವರು ಬಂದು ಕಲ್ಲು ನೆಟ್ಟಾಗ ತಮಾಷೆ ನಿಂತಿತು. ಒಂದು ಕಲ್ಲು ಜಯಕ್ಕನ ಹಿತ್ತಿಲಿಗೇ ಬಿತ್ತು. ಹಳಿ ಬಂದರೆ ಮನೆ ಉಳಿಯುವುದಿಲ್ಲ. ರಸ್ತೆ ಅಗಲ ಮಾಡುವ ಕಾಲದಿಂದಲೂ ನಮ್ಮ ಕೇರಿಯಲ್ಲೊಂದು ಪದ್ಧತಿ ಇದೆ: ಸರ್ವೆಯವರ ಜೀಪು ತಿರುವು ದಾಟಿತೋ ಇಲ್ಲವೋ, ಗಂಡಸರು ಕಲ್ಲು ಕೀಳಲು ಹಾರೆ ಹಿಡಿದು ಹೊರಡುತ್ತಾರೆ. ಉಳಿದವನ್ನೆಲ್ಲ ಕಿತ್ತು, ಪಾಪ ಒಂಟಿ ಹೆಂಗಸು ಎಂದು ಕೊನೆಗೆ ಅವರ ಹಿತ್ತಿಲಿಗೂ ಹೋದೆವು. ಜಯಕ್ಕ ಕಲ್ಲಿನ ಮೇಲೆ ಕೂತಿದ್ದರು.

"ಏಳಿ ಜಯಕ್ಕ. ಇದಿದ್ರೆ ಮನೆ ಹೋಗ್ತದೆ," ಎಂದೆ.

"ಹೋಗ್ಲಿ. ನಂಗೂ ಹೆದ್ರಿಕೆ ಅದೆ. ಆದ್ರೆ ಈ ಮಗಿನ ಉಸ್ರು ನಿಂತೋದ್ರೆ ಆ ಮನೇಲಿ ನಾನೇನ್ ಮಾಡ್ಲಿ?"

ಹಾರೆ ಹೆಗಲಿಗೇರಿಸಿಕೊಂಡು ವಾಪಸ್ಸಾದೆವು. ರೈಲು ಮಾತ್ರ ಬರಲಿಲ್ಲ. ದುಡ್ಡಿಲ್ಲ ಎಂದರು, ಕಾಡು ಎಂದರು, ಆನೆ ದಾರಿ ಎಂದರು. ಬಂದದ್ದು ದಸರಾ ರಜೆ. ಒಂದು ಮಧ್ಯಾಹ್ನ ಚಿನ್ನುವಿನ ತುಟಿ ನೀಲಿಯಾಯಿತು. ಹತ್ತಿಸಿಕೊಂಡ ಆಟೋ ಕಾರುಗಳ ನಡುವೆ ಸಿಕ್ಕಿಕೊಂಡಿತು. ಜಯಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಆ ಹೊಗೆಯೊಳಗೇ ಆಸ್ಪತ್ರೆಯವರೆಗೆ ಓಡಿದರು. ಮಗು ಉಳಿಯಿತು. ಅವರ ಮುಖದಲ್ಲಿ ಅಂದು ಕಂಡ ಭಯ ನನ್ನನ್ನಿನ್ನೂ ಬಿಟ್ಟಿಲ್ಲ.

ಆಮೇಲೆ ಹೆಚ್ಚು ದಿನ ನಿಲ್ಲಲಿಲ್ಲ. ಮನೆಗೆ ಬೀಗ ಹಾಕಿ ಅರಕಲಗೂಡು ಕಡೆಯ ತಂಗಿ ಮನೆಗೆ ಹೊರಟರು. ಬಸ್ಸಿಗೆ ಕಾಯುತ್ತ, ತುಂಬು ಬಸುರಿಯಾಗಿದ್ದ ನನ್ನ ಹೆಂಡತಿಯನ್ನು ನೋಡಿದರು. "ರಸ್ತೆ ಕಡೆ ಕೋಣೇಲಿ ಮಗು ಮಲಗಿಸ್ಬೇಡಿ," ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಅಂಗಡಿಯ ಪಕ್ಕಕ್ಕೆ ನಮಗಿರುವುದು ಒಂದೇ ಕೋಣೆ, ಅದೂ ರಸ್ತೆ ಕಡೆಗೆ. ತೊಟ್ಟಿಲಲ್ಲಿ ಮಗಳು ಮಲಗಿದ್ದಾಳೆ. ನಾಳೆಯಿಂದ ರಜೆ.