ನೀರು ಕುಡಿಯದ ಸಿನಿಮಾಗಳು

ಎಳನೀರಿನಿಂದಲೂ ಮಾನ ಹೋಗಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಅಕ್ಕನಿಗೆ ಡಯಾಲಿಸಿಸ್ ಶುರುವಾದ ಮೊದಲ ದಿನ. ಸಾಗರದ ಆಸ್ಪತ್ರೆಯ ಎದುರಿನ ಗಾಡಿಯಲ್ಲಿ ಒಂದು ಎಳನೀರು ಕೆತ್ತಿಸಿಕೊಂಡು, ಸ್ಟ್ರಾ ಸಮೇತ ಒಳಗೆ ಹೋದೆ. ರೋಗಿಯನ್ನು ನೋಡಲು ಬರಿಗೈಲಿ ಹೋಗಬಾರದು, ಒಯ್ಯುವುದಾದರೆ ಎಳನೀರು ಒಯ್ಯಬೇಕು ಎಂಬಷ್ಟು ವೈದ್ಯಕೀಯ ಜ್ಞಾನ ನನಗೂ ಇದೆ. ಆ ಕೋಣೆಯ ಟೆಕ್ನಿಷಿಯನ್ ಸುಚಿತ್ರಾ, ನಾನು ನಾಡಬಾಂಬು ತಂದವನೋ ಎಂಬಂತೆ ಓಡಿಬಂದು ಅಡ್ಡ ನಿಂತಳು. ಕಿಡ್ನಿ ಹೋದವರಿಗೆ ಅದು ವಿಷವಂತೆ, ಎದೆಬಡಿತವೇ ನಿಂತುಹೋಗಬಹುದಂತೆ. ಕೈಯಲ್ಲಿದ್ದುದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಹಾಳು ಮಾಡಬಾರದೆಂದು ಮನೆಯಲ್ಲಿ ಕಲಿಸಿದ್ದೂ ನೆನಪಾಗಿ, ಅಲ್ಲೇ ನಿಂತು ನಾನೇ ಕುಡಿದೆ. ಕೊನೆಯ ಗುಟುಕಿಗೆ ಸ್ಟ್ರಾ ಸುರ್ರೆಂದಿತು.

ತಲೆಯೆತ್ತಿದರೆ ಗೋಡೆಯ ಟೀವಿಯಲ್ಲಿ ಓಡುತ್ತಿದ್ದ ಸಿನಿಮಾ ನಿಂತಿತ್ತು. ನಾಲ್ಕು ಹಾಸಿಗೆಗಳ ನಾಲ್ಕು ಜನ, ನನ್ನ ಅಕ್ಕನೂ ಸೇರಿ, ನನ್ನ ಗಂಟಲನ್ನೇ ನೋಡುತ್ತಿದ್ದರು. ದಿನಕ್ಕೆ ಎರಡು ಲೋಟದ ಮೇಲೆ ಒಂದು ಗುಟುಕು ನೀರನ್ನೂ ಕುಡಿಯಬಾರದ ಜನ ಅವರು ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ರಿಮೋಟು ಹಿಡಿದು ಮಲಗಿದ್ದ ಸಪೂರ ಮನುಷ್ಯ ಮಾತ್ರ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ.

"ಮುಗೀತಾ ಭಟ್ರೇ? ಒಳಗೆ ಗಂಜಿ ಇದ್ರೆ ಅದನ್ನೂ ಕೆರ್ಕಂಡು ತಿನ್ನಿ. ಆಮೇಲೆ ಹಾಕ್ತೀನಿ."

ಹುಂಚದ ಮಂಜುನಾಥಪ್ಪನವರ ಪರಿಚಯ ನನಗೆ ಆದದ್ದು ಹೀಗೆ.

ಅವರ ಅಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ, ಕಾಯ್ದೆ ಬಂದಮೇಲೆ ಸ್ವಂತದ್ದಾಗಿತ್ತು. ಅಣ್ಣಂದಿರು ಗದ್ದೆಗೆ ಇಳಿದರು. ಮಂಜುನಾಥಪ್ಪ ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ವಿಡಿಯೋ ಕ್ಯಾಸೆಟ್ಟಿನ ಅಂಗಡಿ ಹಾಕಿದರು. ಕ್ಯಾಸೆಟ್ಟಿನ ಜೊತೆಗೆ ಟೀವಿಯನ್ನೂ ವಿಸಿಪಿಯನ್ನೂ ಬಾಡಿಗೆಗೆ ಕೊಡುತ್ತಿದ್ದರು. ಮದುವೆಯ ಹಿಂದಿನ ದಿನ, ಗಣಪತಿ ಪೆಂಡಾಲು, ವಾಲಿಬಾಲ್ ಟೂರ್ನಮೆಂಟು, ಎಲ್ಲಿಗೆ ಕರೆದರೂ ಟೀವಿಯನ್ನು ಹಾಸಿಗೆಯಲ್ಲಿ ಸುತ್ತಿ ಬಸ್ಸಿನ ಟಾಪಿಗೆ ಹಾಕಿಕೊಂಡು ಹೋಗುತ್ತಿದ್ದರು. ಬಾಣಂತಿಯನ್ನೂ ಅಷ್ಟು ಹುಷಾರಾಗಿ ಕರೆದುಕೊಂಡು ಹೋದವರಿಲ್ಲ ಎಂದು ಹೇಳಿ ತಾವೇ ನಗುತ್ತಿದ್ದರು.

ಆ ವ್ಯಾಪಾರದಲ್ಲಿ ಒಂದು ಪದ್ಧತಿ ಇತ್ತಂತೆ. ಓಡಿದ ಸಿನಿಮಾದ ಕ್ಯಾಸೆಟ್ಟು ಒಂದು ಬೇಕೆಂದರೆ, ಶಿವಮೊಗ್ಗದ ಸಗಟು ವ್ಯಾಪಾರಿ ಓಡದ ಸಿನಿಮಾದವು ನಾಲ್ಕನ್ನು ಜೊತೆಗೆ ತಳ್ಳುತ್ತಿದ್ದ. ಓಡಿದ್ದರ ಬಗ್ಗೆ ಗಿರಾಕಿಗೆ ಹೇಳುವುದೇನೂ ಇರುವುದಿಲ್ಲ. ಓಡದವನ್ನು ದಾಟಿಸಬೇಕಾದರೆ ಮೊದಲು ತಾನು ನೋಡಿರಬೇಕು. ಹಾಗಾಗಿ ಮಂಜುನಾಥಪ್ಪ ವರ್ಷಗಟ್ಟಲೆ ಅಂಗಡಿಯಲ್ಲಿ ಕೂತು, ಯಾರೂ ನೋಡದ ಸಿನಿಮಾಗಳನ್ನು ಒಬ್ಬರೇ ನೋಡಿದರು. ಪತ್ತೇದಾರಿ, ಪೌರಾಣಿಕ, ದೆವ್ವದ್ದು, ಕೋರ್ಟಿನದು, ತೆಗೆದವರೇ ಮರೆತುಬಿಟ್ಟದ್ದು. ಒಳ್ಳೆಯದು, ಕೆಟ್ಟದ್ದು ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಯಾವುದಕ್ಕೆ ಆಗುತ್ತದೆ ಎಂದಷ್ಟೇ ಹೇಳುತ್ತಿದ್ದರು. ಅಡಿಕೆ ಸುಲಿಯುವಲ್ಲಿಗೆ ಮಾತು ಜಾಸ್ತಿ ಇರುವ ಸಿನಿಮಾ ಆಗಬೇಕು, ಕೈಗೆ ಕೆಲಸ ಇರುವವರು ಕಿವಿಯಲ್ಲೇ ನೋಡುತ್ತಾರೆ. ಕೊನೆಯವರೆಗೂ ದೆವ್ವವೇ ಬಾರದ ದೆವ್ವದ ಸಿನಿಮಾ ನೆಂಟರು ಜಾಸ್ತಿ ದಿನ ಉಳಿದ ಮನೆಗೆ ಆಗುತ್ತದೆ. ನಾಯಕಿ ಓಡಿಹೋಗುವ ಸಿನಿಮಾ ಮದುವೆಮನೆಗೆ ಆಗುವುದಿಲ್ಲ, ಮದುವೆ ಆಗಿ ವರ್ಷ ಕಳೆದ ಮೇಲೆ ಆಗಬಹುದು.

ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಸೀಡಿ ಹೋಗಿ ಮೊಬೈಲು ಬಂತು. ಅಷ್ಟರಲ್ಲಿ ಮಂಜುನಾಥಪ್ಪನವರಿಗೆ ಸಕ್ಕರೆ ಕಾಯಿಲೆ ಹಳೆಯದಾಗಿತ್ತು. ಅಂಗಡಿ ಮುಚ್ಚಿದ ವರ್ಷವೇ ಕಿಡ್ನಿಗಳೂ ಬಾಗಿಲು ಹಾಕಿದವು. ಈಗ ಅವರು ಸೋಮವಾರ, ಗುರುವಾರ ಬಸ್ಸು ಬದಲಿಸಿಕೊಂಡು ಸಾಗರಕ್ಕೆ ಬಂದು, ನಾಲ್ಕು ತಾಸು ಯಂತ್ರಕ್ಕೆ ರಕ್ತ ಕೊಟ್ಟು, ಅದೇ ರಕ್ತವನ್ನು ವಾಪಸು ಪಡೆದು ಮನೆಗೆ ಹೋಗುತ್ತಿದ್ದರು. ಅಂಗಿಯ ಜೇಬಿನಲ್ಲಿ ಒಂದು ಪೆನ್‌ಡ್ರೈವ್. ಆ ಕೋಣೆಯ ರಿಮೋಟನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ, ಅವರ ಕೈಯಿಂದ ಯಾರೂ ಕಿತ್ತುಕೊಂಡೂ ಇರಲಿಲ್ಲ.

ಅಲ್ಲಿ ಹಾಕುವ ಸಿನಿಮಾಕ್ಕೆ ಅವರು ಎರಡು ಕಟ್ಟಳೆ ಮಾಡಿಕೊಂಡಿದ್ದರು. ಮೊದಲನೆಯದು, ಸಿನಿಮಾದಲ್ಲಿ ಯಾರೂ ನೀರು ಕುಡಿಯಬಾರದು. ಹಿಂದಿನ ದಿನ ಮನೆಯಲ್ಲಿ ಪೂರ್ತಿ ನೋಡಿ ಪರೀಕ್ಷೆ ಮಾಡಿಕೊಂಡೇ ಬರುತ್ತಿದ್ದರು. ಮಳೆ ಹಾಡು ಬೇಡ, ಜಲಪಾತ ಬೇಡ, ಬಾವಿಕಟ್ಟೆಯ ಬಳಿ ಪ್ರೇಮ ಬೇಡ. ಪೌರಾಣಿಕದಲ್ಲಿ ಕಮಂಡಲ ಮುಚ್ಚಿಯೇ ಇದ್ದರೆ ಅಡ್ಡಿಯಿಲ್ಲ. ಕೋರ್ಟಿನ ಸಿನಿಮಾ ನಂಬುವ ಹಾಗಿಲ್ಲ, ಪಾಟೀಸವಾಲು ಬಿಗಿಯಾಗುತ್ತಿದ್ದ ಹಾಗೆ ಸಾಕ್ಷಿ ಲೋಟಕ್ಕೆ ಕೈಹಾಕುತ್ತಾನೆ. ನಿಮ್ಮ ಸಿನಿಮಾ ಇತಿಹಾಸದಲ್ಲಿ ಎಂದೂ ನೀರು ಕುಡಿಯದವರು ಯಾರಿದ್ದಾರೆ ಎಂದು ನಾನು ಕೇಳಿದ್ದೆ. ಸತ್ತುಬಿದ್ದವರು, ಅಂದಿದ್ದರು. ಅವರ ಬಾಯಿಗೂ ಕೊನೆಗೊಮ್ಮೆ ಬಿಡುತ್ತಾರೆ ಎಂದು ಆಮೇಲೆ ತಾವೇ ತಿದ್ದಿಕೊಂಡರು.

ಎರಡನೆಯ ಕಟ್ಟಳೆ, ಸಿನಿಮಾ ಅದೇ ದಿನ ಮುಗಿಯಬೇಕು. ಅರ್ಧ ನಿಲ್ಲಿಸುವಂತಿಲ್ಲ. ಇದಕ್ಕೆ ಕಾರಣ ರವೀಶ್. ಅಕ್ಕ ಮಲಗುತ್ತಿದ್ದ ಹಾಸಿಗೆ ಅವಳಿಗಿಂತ ಮೊದಲು ಅವನದಾಗಿತ್ತು. ತೀರ್ಥಹಳ್ಳಿ ಕಡೆಯ ಲಾರಿ ಡ್ರೈವರು. ಒಂದು ಸೋಮವಾರ ಪತ್ತೇದಾರಿ ಸಿನಿಮಾದ ಕೊನೆ ಬರುವ ಮೊದಲೇ ಯಂತ್ರದ ಹೊತ್ತು ಮುಗಿಯಿತು. ಕೊಂದವನು ಯಾರು ಹೇಳಿ ಎಂದು ರವೀಶ್ ಬಾಗಿಲಲ್ಲಿ ನಿಂತು ಕಾಡಿದನಂತೆ. ಗುರುವಾರ ನೀನೇ ನೋಡಪ್ಪ ಎಂದು ಇವರು ಹೇಳಿದರಂತೆ. ಗುರುವಾರ ಆ ಹಾಸಿಗೆಗೆ ಹೊಸ ಬೆಡ್‌ಶೀಟು ಹಾಕಿತ್ತು.

ಮಂಜುನಾಥಪ್ಪ ಅವನ ತಿಥಿಗೆ ತೀರ್ಥಹಳ್ಳಿಗೆ ಹೋಗಿ, ಹಾರ ಹಾಕಿದ ಫೋಟೋದ ಎದುರು ನಿಂತು, ಡಾಕ್ಟರೇ ಕೊಂದಿದ್ದು ಕಣೋ, ಎಂದು ಹೇಳಿಬಂದರು. ಪಕ್ಕದಲ್ಲಿದ್ದ ನೆಂಟರಿಗೆ ಅದು ಸಿನಿಮಾದ ವಿಷಯ ಎಂದು ಬಿಡಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತಂತೆ.

ಇನ್ನು ನನ್ನ ಅಕ್ಕ ಮಹಾಲಕ್ಷ್ಮಿ. ಸಾಗರದ ಅರ್ಧ ಊರಿನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವಳು, ಮದುವೆಯಾಗದೆ ನನ್ನ ಮನೆಯಲ್ಲೇ ಉಳಿದವಳು. ನಾನು ವಾರಪತ್ರಿಕೆಯೊಂದಕ್ಕೆ ಹಾಸ್ಯದ ಅಂಕಣ ಬರೆಯುತ್ತೇನೆ. ಓದಿ ನಕ್ಕೆವು ಎಂದವರು ಈವರೆಗೆ ಇಬ್ಬರು. ಅಕ್ಕ ಅವರಲ್ಲಿ ಒಬ್ಬಳು.

ಡಯಾಲಿಸಿಸ್ ಶುರುವಾಗಿ ವರ್ಷ ತುಂಬುವಷ್ಟರಲ್ಲಿ ಅವಳ ಕೈಯ ನರಗಳು ಕೈಕೊಟ್ಟವು. ಕುತ್ತಿಗೆಗೆ ಚುಚ್ಚಿದರು, ಅದೂ ಕಟ್ಟಿಕೊಂಡಿತು, ತೊಡೆಗೆ ಬಂದರು. ಒಂದು ಮಂಗಳವಾರ ಕಾಫಿ ಕೊಟ್ಟಾಗ ಅಕ್ಕ ಅರ್ಧ ಲೋಟದ ತನ್ನ ಪಾಲನ್ನು ಮುಗಿಸಿ, ಲೋಟ ಬೋರಲು ಹಾಕಿದಳು.

"ಹೇರಂಬ, ಈ ಗುರುವಾರವೇ ಕಡೆ. ಇನ್ನು ಆನು ಬರ್ತ್ನಿಲ್ಲೆ. ಸಾಕಾತು."

ನಾನು ಮೊದಲು ತಮಾಷೆ ಮಾಡಿದೆ, ನನ್ನ ಓದುಗರ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ ಎಂದೆ. ಅವಳು ನಗಲಿಲ್ಲ. ಡಾಕ್ಟರು ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಅಕ್ಕ ಎಲ್ಲದಕ್ಕೂ ಹೌದು ಹೌದು ಎಂದು ಫೋನು ನನ್ನ ಕೈಗೆ ಕೊಟ್ಟಳು. ನಿಲ್ಲಿಸಿದರೆ ಎಷ್ಟು ದಿನ ಎಂದು ನಾನು ಕೇಳಿದೆ. ಬಹಳ ಇಲ್ಲ ಎಂದರು.

ಗುರುವಾರ ಅಕ್ಕನನ್ನು ತೂಕಕ್ಕೆ ನಿಲ್ಲಿಸಿದ್ದಾಗ, ಹೊರಗಿನ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಮಂಜುನಾಥಪ್ಪನವರಿಗೆ ವಿಷಯ ಹೇಳಿದೆ. ಏನಾದರೂ ಸಮಾಧಾನ ಹೇಳಿಯಾರು ಎಂಬ ಆಸೆ ನನಗಿತ್ತು. ಅವರು ಹೂಂ ಎಂದು, ಜೇಬಿನಿಂದ ಪೆನ್‌ಡ್ರೈವ್ ತೆಗೆದು, ಅದರಲ್ಲಿ ಏನೇನಿದೆ ಎಂದು ನೆನಪು ಮಾಡಿಕೊಳ್ಳುವವರಂತೆ ನೋಡುತ್ತ ಕೂತರು.

ಆ ದಿನ ಹಾಕಿದ್ದು ಕಪ್ಪುಬಿಳುಪಿನ ಹಳೆಯ ಸಿನಿಮಾ. ಶಿವಮೊಗ್ಗದಲ್ಲಿ ವಾರವೂ ಓಡದೆ ಎತ್ತಂಗಡಿಯಾದದ್ದು. ಘಟ್ಟದ ಮೇಲಿನ ಒಂದು ಊರಿನಲ್ಲಿ ವಿಧವೆಯೊಬ್ಬಳ ಟೈಲರ್ ಅಂಗಡಿ. ಅಪರಿಚಿತನೊಬ್ಬ ಹಳೆಯ ಕೋಟು ಬಿಗಿ ಮಾಡಲು ಕೊಟ್ಟು ಹೋಗುತ್ತಾನೆ, ಮರುದಿನ ಹೆಣವಾಗಿ ಸಿಗುತ್ತಾನೆ. ಹೊಲಿಗೆಯ ಯಂತ್ರ ಕಂಡದ್ದೇ ಅಕ್ಕ ದಿಂಬಿನಿಂದ ತಲೆಯೆತ್ತಿದಳು. ಆ ವಿಧವೆ ಕತ್ತರಿ ಹಿಡಿಯುವ ರೀತಿ ನೋಡಿ, ಕೊತ್ತಂಬರಿ ಸೊಪ್ಪು ಹೆಚ್ಚುವುದಕ್ಕೂ ಆಗುವುದಿಲ್ಲ ಎಂದಳು. ಆಮೇಲೆ ಮಾತು ನಿಲ್ಲಿಸಿದಳು. ತೆರೆಯ ಮೇಲಿನ ಹೆಂಗಸು ಕೋಟಿನ ಲೈನಿಂಗಿನ ಮೇಲೆ ಬೆರಳಾಡಿಸಿ, ಏನೋ ತಗಲಿ, ಹೊಲಿಗೆ ಬಿಚ್ಚತೊಡಗಿದಳು. ಒಂದೊಂದೇ ಹೊಲಿಗೆ ಬಿಟ್ಟುಕೊಳ್ಳುತ್ತ ಬಂತು. ಅವಳ ಕಣ್ಣು ದೊಡ್ಡದಾಯಿತು.

ಟೀವಿ ಆರಿತು. ಮಂಜುನಾಥಪ್ಪ ಸುಚಿತ್ರಾಳನ್ನು ಕರೆದು ಪೆನ್‌ಡ್ರೈವ್ ಕಿತ್ತು ತರಿಸಿಕೊಂಡು ಜೇಬಿಗೆ ಹಾಕಿಕೊಂಡರು.

"ಉಳಿದಿದ್ದು ಸೋಮವಾರ."

ಯಂತ್ರದ ಹೊತ್ತು ಇನ್ನೂ ಅರ್ಧ ಬಾಕಿ ಇತ್ತು. ಎರಡನೆಯ ಕಟ್ಟಳೆಯ ಕಥೆ ಗೊತ್ತಿದ್ದವರೆಲ್ಲ ಬೆಚ್ಚಿದರು. ಸುಚಿತ್ರಾ ಏನೋ ಕೇಳಲು ಹೋಗಿ, ಅಕ್ಕನ ಕಡೆ ನೋಡಿ ತನ್ನ ಕೆಲಸಕ್ಕೆ ತಿರುಗಿದಳು.

"ಮಂಜುನಾಥಪ್ಪ, ಆ ಲೈನಿಂಗಿನೊಳಗೆ ಎಂತ ಇತ್ತು?" ಎಂದು ಅಕ್ಕ ಕೇಳಿದಳು.

"ಸೋಮವಾರ, ಅಕ್ಕಾ."

"ರವೀಶನಿಗೂ ಹೀಗೇ ಹೇಳಿದ್ರಂತಲ್ಲ."

ಅವರು ಗೋಡೆಯ ಕಡೆ ಮುಖ ಮಾಡಿ ನಿದ್ದೆ ಬಂದವರಂತೆ ಮಲಗಿದರು. ರಿಮೋಟು ಹಿಡಿದ ಕೈ ಮಾತ್ರ ನಿದ್ದೆ ಮಾಡಿದ ಹಾಗೆ ಇರಲಿಲ್ಲ.

ನಡುವಿನ ದಿನಗಳಲ್ಲಿ ಅಕ್ಕನನ್ನು ನಾನು ಏನೂ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ ಎಂದರೂ ಸರಿಯೇ. ಸೋಮವಾರ ಬೆಳಿಗ್ಗೆ ನೋಡಿದರೆ ಅವಳು ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಮೆಟ್ಟಿಲ ಮೇಲೆ ಕೂತಿದ್ದಳು. ಹೊತ್ತಾತು, ನಡೆ, ಎಂದಳು.

ಉತ್ತರಾರ್ಧ ನೋಡಿದ ಮೇಲೆ ಅದು ಯಾಕೆ ಓಡಲಿಲ್ಲ ಎಂಬುದು ಎಲ್ಲರಿಗೂ ತಿಳಿಯಿತು. ಲೈನಿಂಗಿನೊಳಗಿದ್ದದ್ದು ನಿಧಿಯ ನಕ್ಷೆ. ಸತ್ತವನಿಗೊಬ್ಬ ಅವಳಿ ತಮ್ಮ. ಸಾಲದ್ದಕ್ಕೆ ಆ ತಮ್ಮ ಬಂದವನೇ ಒಂದು ಕೊಡ ನೀರನ್ನು ಎತ್ತಿ ಗಟಗಟ ಕುಡಿದ. ನಾಲ್ಕೂ ಹಾಸಿಗೆಗಳಲ್ಲಿ ಉಗುಳು ನುಂಗಿದ ಸದ್ದು ನನಗೆ ಕೇಳಿಸಿತು. ಒಂದು ಕಟ್ಟಳೆ ಮುರಿಯುವುದಕ್ಕಾಗಿ ಅವರು ಎರಡನ್ನೂ ಮುರಿದಿದ್ದರು. ಇಷ್ಟು ದರಿದ್ರದ ಕೊನೆಗಾಗಿ ತೊಡೆಗೆ ಚುಚ್ಚಿಸಿಕೊಂಡು ಬಂದೆನಲ್ಲ ಎಂದು ಅಕ್ಕ ಯಂತ್ರ ನಿಲ್ಲುವವರೆಗೂ ಬೈದಳು. ಮಂಜುನಾಥಪ್ಪ ಎಲ್ಲ ಒಪ್ಪಿಕೊಂಡು, ಗುರುವಾರದ್ದು ಚೆನ್ನಾಗಿದೆ ಎಂದರು.

ಗುರುವಾರದ್ದೂ ಅರ್ಧಕ್ಕೆ ನಿಂತಿತು.

ಹೀಗೆ ಮಳೆಗಾಲವಿಡೀ ನಡೆಯಿತು. ಗುರುವಾರ ಪೂರ್ವಾರ್ಧ, ಸೋಮವಾರ ಉತ್ತರಾರ್ಧ ಮತ್ತು ಬೈಗುಳ. ಎಂಥ ಕೆಟ್ಟ ಸಿನಿಮಾವೂ ಇಂಟರ್‌ವಲ್‌ವರೆಗೆ ಚೆನ್ನಾಗಿರುತ್ತದೆ ಎಂಬ ಸತ್ಯ ಅವರ ಅಂಗಡಿಯಲ್ಲೇ ಅವರಿಗೆ ತಿಳಿದದ್ದಂತೆ. ಅಕ್ಕನಿಗೆ ಉಪಾಯ ಗೊತ್ತಿತ್ತು. ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಅವಳು ತೆಳ್ಳಗಾಗುತ್ತ ಹೋದಳು. ಕಾಲು ಊದಿಕೊಂಡವು. ಆಸ್ಪತ್ರೆಯ ಮೆಟ್ಟಿಲು ಹತ್ತಿಸಲು ನನ್ನ ಜೊತೆಗೆ ಇನ್ನೊಬ್ಬರು ಬೇಕಾಯಿತು.

ದೀಪಾವಳಿ ಕಳೆದ ಗುರುವಾರ, ಎಂದಿನಂತೆ ಟೀವಿ ಆರಿದಾಗ ಅಕ್ಕ ಆ ಕಡೆ ತಿರುಗಿದಳು.

"ಮಂಜುನಾಥಪ್ಪ, ಇದರ ಉಳಿದದ್ದು ನೀವೇ ನೋಡಿಬಿಡಿ. ನನ್ನಿಂದ ಆಗೂದಿಲ್ಲ."

ಅವರು ರಿಮೋಟನ್ನು ಮತ್ತೆ ಟೀವಿಯ ಕಡೆ ಹಿಡಿದು, ಈಗಲೇ ಹಾಕಲಾ ಎಂದು ಕೇಳಿದರು. ಬೇಡ ಎಂದಳು. ಅವಳು ಹೊರಡುವಾಗ ಎದ್ದು ಕೂರಲು ನೋಡಿದರು. ಕೈಗೆ ಸಿಕ್ಕಿಸಿದ್ದ ನಳಿಕೆ ಬಿಡಲಿಲ್ಲ.

ಮನೆಗೆ ಬಂದಮೇಲೆ ಅಕ್ಕ ಮೊದಲು ಕೇಳಿದ್ದು ಎಳನೀರು. ನಾನು ಪೇಟೆಗೆ ಹೋಗಿ ತಂದೆ. ಈ ಸಲ ಯಾರೂ ಓಡಿಬಂದು ಅಡ್ಡ ನಿಲ್ಲಲಿಲ್ಲ. ಯಾರಾದರೂ ನಿಂತಾರೇನೋ ಎಂದು ನಾನು ಬಾಗಿಲ ಕಡೆ ನೋಡಿದೆ. ಅವಳು ಅರ್ಧ ಕುಡಿದು, ತಂಪಾತು ಎಂದು, ಉಳಿದದ್ದನ್ನು ನನಗೆ ಕೊಟ್ಟಳು. ನಾನು ಅದನ್ನು ಕುಡಿಯದೆ ಅವಳ ದಿಂಬಿನ ಪಕ್ಕ ಇಟ್ಟೆ. ಮುಂದಿನ ಗುರುವಾರ ಬರುವುದರೊಳಗೆ ಅವಳು ಇರಲಿಲ್ಲ.

ಹದಿಮೂರನೆಯ ದಿನದ ಊಟಕ್ಕೆ ಮಂಜುನಾಥಪ್ಪ ಹುಂಚದಿಂದ ಎರಡು ಬಸ್ಸು ಬದಲಿಸಿ ಬಂದರು. ಆ ದಿನ ಸೋಮವಾರವೂ ಅಲ್ಲ, ಗುರುವಾರವೂ ಅಲ್ಲ. ಸಾಗರಕ್ಕೆ ಅವರು ಯಂತ್ರದ ಕೆಲಸವಿಲ್ಲದೆ ಬಂದದ್ದು ಅದೇ ಮೊದಲಿರಬೇಕು. ಎಲೆಯ ಮುಂದೆ ಕೂತಾಗ ನೀರು ಬಡಿಸುವವರು ಬರುತ್ತಿದ್ದಂತೆ ನಾನು ಅಡ್ಡ ಬಂದು ಅವರ ಲೋಟವನ್ನು ಬೋರಲು ಹಾಕಿದೆ. ವರ್ಷಕ್ಕೂ ಮೀರಿ ಆ ಕೋಣೆಗೆ ತಿರುಗಿ ನಾನು ಕಲಿತ ವಿದ್ಯೆ ಅಷ್ಟೇ. ಅವರು ತಲೆಯಾಡಿಸಿ ಒಂದು ತುತ್ತು ಪಾಯಸ ನಾಲಗೆಗೆ ಮುಟ್ಟಿಸಿಕೊಂಡರು.

ಊಟವಾದ ಮೇಲೆ ಅಕ್ಕನ ಫೋಟೋದ ಎದುರು ಹೋಗಿ ಕೈಮುಗಿದು ನಿಂತರು. ನಾನು ಸ್ವಲ್ಪ ದೂರದಲ್ಲಿ, ಕಿವಿ ಆ ಕಡೆ ಇಟ್ಟುಕೊಂಡು ನಿಂತಿದ್ದೆ. ಬಹಳ ಹೊತ್ತು ನಿಂತರು. ತುಟಿ ಅಲುಗಲಿಲ್ಲ. ತಿರುಗಿ ಬಂದು ಚಪ್ಪಲಿ ಹುಡುಕತೊಡಗಿದರು.

ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಹೊಸನಗರದ ಬಸ್ಸು ಹೊರಡುವುದರಲ್ಲಿತ್ತು. ಅವರನ್ನು ಹತ್ತಿಸಿ ಕಿಟಕಿಯ ಕೆಳಗೆ ನಿಂತು, ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಕೇಳಿಯೇಬಿಟ್ಟೆ. ರವೀಶನಿಗೆ ಹೇಳಿದ ಹಾಗೆ, ಅಕ್ಕನಿಗೂ ಆ ಸಿನಿಮಾದ ಕೊನೆ ಹೇಳಬಾರದಿತ್ತೇ?

"ನೋಡಿದೆ ಭಟ್ರೇ. ಹೇಳೋ ಹಾಗಿಲ್ಲ, ಸೆಕೆಂಡ್ ಹಾಫು ಚೆನ್ನಾಗಿಲ್ಲ."