ಹಿಂದಿನ ಸೀಟಿನ ಟೆರೆನ್ಸ್

ನಾವು ಹುಬ್ಬಳ್ಳಿಯಿಂದ ಅಮೆರಿಕದ ಡಿಯರ್‌ಬಾರ್ನಿಗೆ ಬಂದ ಮೊದಲ ಬೇಸಿಗೆ ಅದು. ಆಗ ನಮ್ಮ ಅವ್ವ ಯಾರನ್ನೂ ನಂಬುತ್ತಿರಲಿಲ್ಲ. ಅಂಗಡಿಯಲ್ಲಿ ಒಂದು ಡಬ್ಬಿ ಕೊಂಡರೆ ಇನ್ನೊಂದು ಉಚಿತ ಎಂದಿದ್ದರೆ, ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿ ಎರಡನ್ನೂ ಅಲ್ಲೇ ಬಿಟ್ಟು ಬರುವಳು. ಮೆಟ್ಟಿಲ ಮೇಲೆ ಯಾರೋ ನಕ್ಕು ಹೇಗಿದ್ದೀರಿ ಎಂದರೆ, ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ, "ಅಕಿ ಯಾಕ ಕೇಳಿದ್ಲು?" ಎನ್ನುವಳು. ನೀವೂ ಇಂಥ ತಾಯಿಯ ಕೈಯಲ್ಲಿ ಬೆಳೆದಿದ್ದರೆ ನಿಮಗೆ ಗೊತ್ತಿರುತ್ತದೆ, ಆ ಗುಣ ಮಕ್ಕಳಿಗೆ ಅಂಟದೆ ಬಿಡುವುದಿಲ್ಲ. ನನಗೂ ಅಂಟಿದೆ. ಎಲ್ಲರೂ ತಲೆಯಾಡಿಸಿ ಒಪ್ಪುವ ಮಾತು ಕಿವಿಗೆ ಬಿದ್ದರೆ ಸಾಕು, ಇದರಲ್ಲಿ ಏನೋ ಇದೆ ಅನಿಸುತ್ತದೆ.

ಅಪ್ಪ ಕಾರು ಕಂಪನಿಯಲ್ಲಿ ಎಂಜಿನಿಯರ್. ನಮ್ಮ ಅಪಾರ್ಟ್‌ಮೆಂಟ್ ಊರಿನ ಅಂಚಿನಲ್ಲಿತ್ತು. ಮುಂದಿನ ರಸ್ತೆ ದಾಟಿದರೆ ಡೆಟ್ರಾಯಿಟ್. ದಾಟಿದ ಕೂಡಲೇ ಒಂದು ಬೇಸ್‌ಬಾಲ್ ಮೈದಾನ, ಅದರ ಮೂಲೆಯಲ್ಲಿ ಬಾಸ್ಕೆಟ್‌ಬಾಲ್ ಆಡುವ ಸಿಮೆಂಟು ನೆಲ. ಸಂಜೆ ಬಾಲ್ಕನಿಯಲ್ಲಿ ನಿಂತರೆ ಬ್ಯಾಟಿಗೆ ಚೆಂಡು ಬಿದ್ದ ಟಣ್ ಎಂಬ ಸದ್ದು ಮನೆವರೆಗೂ ಕೇಳುತ್ತಿತ್ತು. ಆಡುತ್ತಿದ್ದವರೆಲ್ಲ ಆಚೆ ಬದಿಯ ಕಪ್ಪು ಹುಡುಗರು. ಅವರಲ್ಲಿ ಉದ್ದನೆಯವನೊಬ್ಬ ಚೆಂಡು ಎಸೆಯುವಾಗ ಎಡಗಾಲನ್ನು ಎದೆಯವರೆಗೆ ಎತ್ತುತ್ತಿದ್ದ. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಅವ್ವ ನನ್ನ ಹಿಂದೆ ನಿಂತು ಅವರು ನಮ್ಮ ಕಡೆ ನೋಡುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದಳು.

ನೋಡಿಯೇ ಬಿಟ್ಟರು. ಒಂದು ಸಂಜೆ ಬಾಗಿಲು ಬಡಿದ ಸದ್ದು. ತೆರೆದರೆ ಆ ಉದ್ದನೆಯ ಹುಡುಗ ಟೆರೆನ್ಸ್, ಜೊತೆಗೆ ಅವನ ಅಪ್ಪ. ಆ ಅಪ್ಪನೇ ಮಕ್ಕಳಿಗೆ ಕೋಚ್, ಹೆಸರು ಹೋಲ್ಟ್. ಬೆಳಗಿನ ಪಾಳಿ ಮುಗಿಸಿ ಬಂದು, ಕಾರ್ಖಾನೆಯ ಬಟ್ಟೆಯಲ್ಲೇ ಮೈದಾನಕ್ಕೆ ಇಳಿಯುವವರು. ತಂಡಕ್ಕೆ ಒಂಬತ್ತು ಮಕ್ಕಳು ಬೇಕು, ಒಬ್ಬರು ಕಡಿಮೆ ಬಿದ್ದಿದ್ದಾರೆ, ಬಾಲ್ಕನಿಯಲ್ಲಿ ದಿನಾ ನಿಲ್ಲುವ ಹುಡುಗಿಯನ್ನು ಕಳಿಸುತ್ತೀರಾ ಎಂದು ಕೇಳಿದರು. ಹುಡುಗಿಯರಿಗೆ ಸಾಫ್ಟ್‌ಬಾಲ್ ಎಂಬ ಬೇರೆಯದೇ ಚೆಂಡಾಟ ಇದೆಯೆಂದು ನಮಗೂ ಗೊತ್ತಿರಲಿಲ್ಲ, ಗೊತ್ತಿದ್ದ ಅವರೂ ಹೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂಬತ್ತು.

ಅವರು ಹೋದದ್ದೇ ತಡ, ಅವ್ವ ಶುರುಮಾಡಿದಳು. "ಪುಕ್ಕಟ ಕಲಸ್ತಾನಂತ! ರೊಕ್ಕ ಇಲ್ಲದ ಯಾರರ ಕಲಸ್ತಾರೇನ್ರಿ? ಇದರಾಗ ಏನೋ ಐತಿ."

"ಏನೂ ಇಲ್ಲ. ಒಬ್ರು ಕಮ್ಮಿ ಬಿದ್ದಾರ, ಅಷ್ಟ," ಎಂದರು ಅಪ್ಪ. ಕ್ರಿಕೆಟ್ಟಿನ ಹುಚ್ಚಿನವರು. ಚೆಂಡು, ಬ್ಯಾಟು ಎಂದರೆ ಸಾಕು, ಅವರಿಗೆ ಎಲ್ಲರೂ ಬಂಧುಗಳೇ.

"ನಿಮಗ ಎಲ್ಲಾ ಅಷ್ಟ ಅನಸ್ತೈತಿ ನೋಡ್ರಿ."

ಕೋಚ್ ಹೋಲ್ಟ್ ನನಗೆ ಕೈಗೆ ಹಾಕಿಕೊಳ್ಳುವ ಹಳೆಯ ಗ್ಲೌಸೊಂದನ್ನು ಕೊಟ್ಟರು. ಎಣ್ಣೆ, ಬೆವರು, ಒಣಗಿದ ಹುಲ್ಲು, ಮೂರೂ ಕಲೆತ ಅದರ ವಾಸನೆ ನನಗೆ ಎಷ್ಟು ಹಿಡಿಸಿತೆಂದರೆ, ಅದರಲ್ಲಿ ಮುಖ ಹುದುಗಿಸಿ ಕೂತುಬಿಡುತ್ತಿದ್ದೆ. ಅವ್ವ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಆಕಳ ತೊಗಲು ಅಲ್ಲಾ?" ಎಂದು ಬಾಲ್ಕನಿಯ ಸರಳಿಗೆ ನೇತುಹಾಕಿದಳು. ದೇವರ ಜಗಲಿಯಿರುವ ಮನೆಯೊಳಗೆ ಅದಕ್ಕೆ ಪ್ರವೇಶವಿಲ್ಲ. ನನ್ನನ್ನು ಕಳಿಸುವುದಕ್ಕೂ ಒಂದು ಷರತ್ತು. ಅವಳೂ ಬರುವಳು.

ಹೀಗೆ ಆ ಬೇಸಿಗೆ ಇಡೀ ಮೈದಾನದ ಬೇಲಿಯ ಪಕ್ಕ ಮಡಿಸುವ ಕುರ್ಚಿ ಹಾಕಿಕೊಂಡು, ಹುರಿದ ಶೇಂಗಾದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವ್ವ ಕಾವಲು ಕೂತಳು. ಮೊದಲ ದಿನವೇ ಟೆರೆನ್ಸನ ಮುಂದೆ ಜೋರಾಗಿ ಕೂಗಿದಳು, "ಸುಮೀ, ನೆರಳಿಗೆ ಬಾ, ಬಿಸಲಾಗ ಕರ್ರಗಾಗ್ತಿ!" ನನ್ನ ಮುಖ ಬಿಸಿಯಾಯಿತು. ಅವ್ವ ಏನಂದಳು ಎಂದು ಟೆರೆನ್ಸ್ ಕೇಳಿದ. ಟೋಪಿ ಹಾಕ್ಕೋ ಅಂದಳು ಎಂದೆ. ಅವನು ಕಣ್ಣು ಕಿರಿದುಮಾಡಿ ನನ್ನನ್ನೇ ನೋಡಿದ. ನಂಬಲಿಲ್ಲ ಎಂದು ಈಗಲೂ ನನಗೆ ಖಾತ್ರಿ.

ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ಆದರೆ ನನ್ನ ನೆನಪಿನಲ್ಲಿ ಟೆರೆನ್ಸ್ ಅಪ್ಪಟ ಹುಬ್ಬಳ್ಳಿ ಮಾತಿನಲ್ಲೇ ಬರುತ್ತಾನೆ, ಏನು ಮಾಡಲಿ. ಅವ್ವ ಶೇಂಗಾ ಚಾಚಿದಾಗ ಅವನೂ ಮೂಸಿ ನೋಡಿದ. "ಇದರಾಗ ಏನ ಹಾಕಿದೀರಿ?" ಎಂದ. ಉಪ್ಪು, ಖಾರ ಎಂದೆ. ಒಂದು ಕಾಳು ತಿಂದ. ಆಮೇಲೆ ಮುಷ್ಟಿ ತುಂಬ ತೆಗೆದುಕೊಂಡ. ಅವ್ವನಿಗೆ ಅದು ಹಿಡಿಸಿತು. ಮೂಸದೆ ತಿನ್ನುವವರನ್ನು ಅವಳು ಜೀವಮಾನದಲ್ಲಿ ಮೆಚ್ಚಿದವಳಲ್ಲ.

ನಾನು ಆಡಿದ್ದು ಅಷ್ಟಕ್ಕಷ್ಟೇ. ಮೈದಾನದ ದೂರದ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು, ಚೆಂಡು ಅಲ್ಲಿಗೆ ಬರದಿರಲಿ ಎಂದು ಎಲ್ಲರ ಪ್ರಾರ್ಥನೆ, ನನ್ನದೂ. ಆದರೂ ಚೆಂಡು ಹಿಡಿದ ದಿನ ಟೆರೆನ್ಸ್ ಅಷ್ಟು ದೂರದಿಂದ ಓಡಿಬಂದು ನನ್ನ ಬೆನ್ನಿಗೆ ಗುದ್ದಿದ್ದು ನೆನಪಿದೆ. ಅಷ್ಟು ಸಂತೋಷ ನನಗೆ ಆ ದೇಶದಲ್ಲಿ ಅಲ್ಲಿಯವರೆಗೆ ಆಗಿರಲಿಲ್ಲ. ಅವನಿಗೆ ಬೇಕಾದದ್ದು ಒಂದೇ: ದೊಡ್ಡವನಾದ ಮೇಲೂ ಚೆಂಡು ಎಸೆಯುತ್ತಿರಬೇಕು. ಕಾಲೇಜಿಗೆ ಹೋಗುವುದಾದರೂ ಚೆಂಡು ಎಸೆಯುವುದಕ್ಕೇ ಎನ್ನುತ್ತಿದ್ದ.

ಬೇಸಿಗೆ ಮುಗಿಯುವ ಹೊತ್ತಿಗೆ ಬಿಳಿ ಟೋಪಿಯ ಒಬ್ಬ ಮನುಷ್ಯ ಬಂದು ಬೇಲಿಯ ಹೊರಗೆ ನಿಂತು ಆಟ ನೋಡಿದ. ಯಾವುದೋ ದೂರದ ಸಬರ್ಬಿನ ಕ್ಲಬ್ಬಿನವನು. ಊರೂರು ತಿರುಗಿ ಆಡುವ ತಂಡ ಅವರದು. ಚಳಿಗಾಲದಲ್ಲಿ ಒಳಾಂಗಣದಲ್ಲಿ ತರಬೇತಿ, ಬೇಸಿಗೆಯಲ್ಲಿ ವಾರಕ್ಕೊಂದು ಊರಿನಲ್ಲಿ ಪಂದ್ಯ, ಅದಕ್ಕೆಲ್ಲ ದೊಡ್ಡ ಫೀಸು. ಟೆರೆನ್ಸನಿಗೆ ಮಾತ್ರ ಮೊದಲ ವರ್ಷ ಫೀಸಿಲ್ಲ ಎಂದ.

"ಎರಡನೇ ವರ್ಷ?" ಕೋಚ್ ಹೋಲ್ಟ್ ಕೇಳಿದರು.

"ಮೊದಲು ಆಡಲಿ, ಆಮೇಲೆ ನೋಡೋಣ."

ಹೋಲ್ಟ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರಿಗೆ ಆ ಮನುಷ್ಯನ ಮೇಲೆ ನಂಬಿಕೆ ಇರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಅಪ್ಪನಿಗೆ ಹೇಳಿದರಂತೆ, ಕಾಲೇಜಿನವರು ಹುಡುಗರನ್ನು ಆರಿಸಲು ಹೋಗುವುದು ಅಂಥ ಪಂದ್ಯಗಳಿಗೇ, ಈ ಬೇಲಿಯ ಹತ್ತಿರ ಯಾರು ಬಂದು ನಿಲ್ಲುತ್ತಾರೆ ಎಂದು. ಮಗನನ್ನು ಕ್ಲಬ್ಬಿಗೆ ಒಪ್ಪಿಸಿದರು.

ನಮ್ಮ ಮನೆಯಲ್ಲಿ ಆದದ್ದೇ ಬೇರೆ. ಇಡೀ ಬೇಸಿಗೆ ಹೋಲ್ಟ್ ಅವರನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದ ಅವ್ವ, ಬಿಳಿ ಟೋಪಿಯವನನ್ನು ನೋಡಿದ ಕೂಡಲೇ ಮೆತ್ತಗಾದಳು.

"ಫೀಸ್ ತಗೊಂಡು ಕಲಸ್ತಾರ ಅಂದ್ರ ಜವಾಬ್ದಾರಿ ಇರತೈತ್ರಿ. ನಾಳೆ ನಾವು ಕೇಳಬಹುದು. ಪುಕ್ಕಟ ಕಲಿಸೋರಿಗೆ ಏನಂತ ಕೇಳೋದು? ಸುಮಿನೂ ಅಲ್ಲೇ ಹಾಕೂಣು."

ಟ್ಯೂಷನ್ ಬುದ್ಧಿ. ನಮ್ಮೂರ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯ ಮಾಸ್ತರರು ಎಷ್ಟೇ ಚೆನ್ನಾಗಿ ಕಲಿಸಲಿ, ಸಂಜೆ ರೊಕ್ಕ ಕೊಟ್ಟು ಕಲಿತದ್ದೇ ವಿದ್ಯೆ. ಅವ್ವ ಸಂಶಯಪಡದೆ ಒಬ್ಬರನ್ನು ನಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಂಬಲು ಆರಿಸಿಕೊಂಡದ್ದು ಆ ಟೋಪಿಯನ್ನು! ಕ್ಲಬ್ಬಿನವರೂ ನನ್ನ ಆಟ ನೋಡಿ ಮೂಗು ಮುರಿಯಲಿಲ್ಲ. ಫೀಸು ಕಟ್ಟುವ ಹುಡುಗಿಯನ್ನು ಯಾರು ಬೇಡ ಎನ್ನುತ್ತಾರೆ?

ಮುಂದಿನ ವಸಂತದಲ್ಲಿ ಶನಿವಾರವೆಂದರೆ ಕಾರು. ಕೋಚ್ ಹೋಲ್ಟ್ ಅವರಿಗೆ ಶನಿವಾರವೂ ಪಾಳಿ, ಟೆರೆನ್ಸನ ತಾಯಿಗೆ ಆಸ್ಪತ್ರೆಯಲ್ಲಿ ಕೆಲಸ, ಇಬ್ಬರಿಗೂ ಸೇರಿ ಒಂದೇ ಗಾಡಿ. ಹಾಗಾಗಿ ಅಪ್ಪ ಅವನನ್ನೂ ಹತ್ತಿಸಿಕೊಳ್ಳುತ್ತಿದ್ದರು. ನಲವತ್ತು ಮೈಲಿ, ಕೆಲವು ವಾರ ಅದರ ಎರಡರಷ್ಟು. ಹಿಂದಿನ ಸೀಟಿನಲ್ಲಿ ಟೆರೆನ್ಸ್ ಮತ್ತು ನಾನು, ನಡುವೆ ಗ್ಲೌಸುಗಳು. ಮುಂದೆ ಕೂತ ಅವ್ವ ತಿರುಗಿಯೂ ನೋಡದೆ ಶೇಂಗಾದ ಚೀಲವನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚುವಳು. ಅವನ ಕೈ ಅಲ್ಲಿ ಕಾಯುತ್ತಲೇ ಇರುತ್ತಿತ್ತು.

ಒಂದು ಶನಿವಾರ ಓಹಾಯೋದ ಗಡಿಯ ಹತ್ತಿರ ಹನ್ನೊಂದು ವರ್ಷದವರ ಪಂದ್ಯ. ಟೆರೆನ್ಸ್ ಎಸೆದ ಚೆಂಡನ್ನು ಎದುರಿನವರು ಮುಟ್ಟಲೂ ಆಗದೆ ಒಬ್ಬೊಬ್ಬರಾಗಿ ಹೊರಗೆ ಹೋದರು. ಆಗ ಆ ಕಡೆಯ ಒಬ್ಬ ತಂದೆ ಎದ್ದು ಬಂದು ಬಿಳಿ ಟೋಪಿಯವನನ್ನು ಕೇಳಿದ, ಈ ಹುಡುಗನಿಗೆ ನಿಜವಾಗಲೂ ಹನ್ನೊಂದು ವರ್ಷವೇ? ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ? ಬಿಳಿ ಟೋಪಿಯವನು ತನ್ನ ಹುಡುಗನ ಪರ ಒಂದು ಮಾತಾಡಲಿಲ್ಲ. ಮುಂದಿನ ಸಲ ಜನನದ ದಾಖಲೆ ತರಲು ಹೇಳುತ್ತೇನೆ ಎಂದು ನಕ್ಕ. ಟೆರೆನ್ಸ್ ಅಲ್ಲೇ ನಿಂತಿದ್ದ. ಚೆಂಡನ್ನು ಕೈಯಲ್ಲಿ ಸುಮ್ಮನೆ ತಿರುಗಿಸುತ್ತಿದ್ದ.

ಅವ್ವ ಎದ್ದಳು. ಶೇಂಗಾ ಎಲ್ಲ ಚೆಲ್ಲಿತು. ಅಲ್ಲಿಯವರೆಗೆ ಪರದೇಶದವರ ಮುಂದೆ ಯೆಸ್, ನೋ ಬಿಟ್ಟು ಬೇರೆ ಮಾತಾಡದವಳು, ಸೆರಗು ಸಿಕ್ಕಿಸಿಕೊಂಡು ಹೋಗಿ ನಿಂತು, "ಹಿ ಇಲೆವೆನ್! ಮೈ ಡಾಟರ್ ಇಲೆವೆನ್! ವೈ ಯೂ ಆಸ್ಕ್ ಹಿಮ್? ವೈ ನಾಟ್ ಆಸ್ಕ್ ಹರ್?" ಎಂದಳು. ಆ ಮನುಷ್ಯ ತಡವರಿಸಿ ಹಿಂದೆ ಸರಿದ. ಸಂಶಯದ ವಿಷಯದಲ್ಲಿ ಅವ್ವನಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ. ಯಾವುದು ಎಚ್ಚರ, ಯಾವುದು ಹೊಟ್ಟೆಯೊಳಗಿನ ವಿಷ ಎಂದು ಅವಳಿಗೆ ವಾಸನೆಯಲ್ಲೇ ತಿಳಿಯುತ್ತಿತ್ತು.

ಬರುವಾಗ ಕಾರಿನಲ್ಲಿ ಆ ಮಾತು ತೆಗೆದವನು ಟೆರೆನ್ಸೇ. 

"ಪ್ರತಿ ವಾರಾನೂ ಯಾರರ ಒಬ್ರು ಕೇಳ್ತಾರ. ನಿಮ್ಮವ್ವಗ ಇವತ್ತ ಗೊತ್ತಾತು."

ಅಷ್ಟರಲ್ಲಿ ಇತ್ತ ನಮ್ಮ ಹಳೆಯ ಮೈದಾನದಲ್ಲಿ ಆಟ ನಿಂತುಹೋಗಿತ್ತು. ನಾವಿಬ್ಬರು ಬಿಟ್ಟಿದ್ದೆವು. ಎರಡು ಜಾಗಕ್ಕೆ ಹೊಸಬರು ಸಿಗಲಿಲ್ಲ. ಒಂಬತ್ತು ಮಂದಿ ಇಲ್ಲದಿದ್ದರೆ ಎದುರಿನ ತಂಡಕ್ಕೆ ಆಡದೆಯೇ ಗೆಲುವು. ಹಾಗೆ ಸೋತು ಸೋತು ಬೇಸತ್ತ ಉಳಿದ ಹುಡುಗರು ಮೂಲೆಯ ಬಾಸ್ಕೆಟ್‌ಬಾಲ್ ಕಡೆಗೆ ಸರಿದರು. ಅಲ್ಲಿ ಇಬ್ಬರಿದ್ದರೂ ಆಟ ನಡೆಯುತ್ತದೆ. ಕೋಚ್ ಹೋಲ್ಟ್ ಆಮೇಲೂ ಕೆಲವು ಸಂಜೆ ಬಂದು ಮೈದಾನದ ಗೆರೆಗಳಿಗೆ ಸುಣ್ಣ ಹಾಕುವುದನ್ನು ನಾನು ಬಾಲ್ಕನಿಯಿಂದ ನೋಡಿದ್ದೇನೆ. ನೋಡಿ ಅಳು ಬರುತ್ತಿತ್ತು.

ಜೂನಿನಲ್ಲಿ ಅಪ್ಪನಿಗೆ ಷಿಕಾಗೋ ಕಡೆ ಕೆಲಸ ಸಿಕ್ಕಿತು. ನೇಪರ್‌ವಿಲ್‌ನಲ್ಲಿ ಮನೆ, ಒಳ್ಳೆಯ ಶಾಲೆ. ಎಲ್ಲರಿಗೂ ಖುಷಿ. ಸುದ್ದಿ ಹೇಳಿದಾಗ ಟೆರೆನ್ಸ್ ಕೇಳಿದ್ದು ಒಂದೇ ಮಾತು.

"ಹಂಗಾರ ಶನಿವಾರ ನಾ ಹೆಂಗ ಹೋಗ್ಲಿ?"

ಅಪ್ಪ ಕ್ಲಬ್ಬಿನ ಇತರ ಪಾಲಕರನ್ನು ಕೇಳಿದರು. ಒಬ್ಬರಿಗೆ ದಾರಿ ಸುತ್ತು, ಇನ್ನೊಬ್ಬರಿಗೆ ಆ ಬೀದಿಗೆ ಗಾಡಿ ಒಯ್ಯಲು ಹೆದರಿಕೆ, ಬಿಳಿ ಟೋಪಿಯವನು ನೋಡೋಣ ಎಂದ. ನಾವು ಹೊರಟ ದಿನ ಟೆರೆನ್ಸ್ ಬರಲಿಲ್ಲ. ಅವ್ವ ಶೇಂಗಾ ಹುರಿದು ಕಟ್ಟಿಟ್ಟಿದ್ದಳು, ರಸ್ತೆ ದಾಟಿ ಹೋಗಿ ಅವರ ಮನೆಯ ಬಾಗಿಲಲ್ಲಿ ಇಟ್ಟು ಬಂದಳು.

ಆ ಚಳಿಗಾಲದಲ್ಲಿ ಒಮ್ಮೆ ಫೋನಿನಲ್ಲಿ ಸಿಕ್ಕ. ಕ್ಲಬ್ಬು ಬಿಟ್ಟೆ, ಬಾಸ್ಕೆಟ್‌ಬಾಲ್ ಆಡುತ್ತಿದ್ದೇನೆ ಎಂದ.

"ಅದ ಹೆಚ್ಚು ಇಷ್ಟ ಏನು?" ಎಂದೆ.

"ಅದಕ್ಕ ಗಾಡಿ ಬೇಕಾಗಂಗಿಲ್ಲ," ಎಂದ.

ಆಮೇಲೆ ಅವನು ಎಲ್ಲಿ ಹೋದ, ಏನಾದ, ಗೊತ್ತಿಲ್ಲ. ಈಗ ನಾನು ಷಿಕಾಗೋ ಹತ್ತಿರದ ವೆಸ್ಟ್‌ಮಂಟ್‌ನಲ್ಲಿದ್ದೇನೆ. ನನ್ನ ಮಗ ಆರ್ಯನೂ ಇಂಥದೇ ಒಂದು ಕ್ಲಬ್ಬಿನಲ್ಲಿ ಆಡುತ್ತಾನೆ. ಮೈದಾನಗಳು ಬಾಚಿ ಇಟ್ಟಂತಿವೆ, ಮಕ್ಕಳ ಬಟ್ಟೆಗೆ ಇಸ್ತ್ರಿ. ಪಾಲಕರ ಕುರ್ಚಿಗಳಿಗೆ ನೆರಳಿನ ಕೊಡೆ ಕೂಡ ಇದೆ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದರೆ ಒಂದೂ ಕಪ್ಪು ಮುಖವಿಲ್ಲ. ಹೋದ ಶನಿವಾರ ಇದನ್ನೇ ಅಂದೆ. ಪಕ್ಕದಲ್ಲಿದ್ದ ಮೈಸೂರಿನ ಕಡೆಯ ಒಬ್ಬ ಪಾಲಕರು ಬಹಳ ತಿಳಿದವರಂತೆ ಹೇಳಿದರು.

"ಅವ್ರಿಗೆ ಇಂಟರೆಸ್ಟ್ ಇಲ್ಲ ಕಣ್ರೀ. ಎಲ್ಲಾ ಬಾಸ್ಕೆಟ್‌ಬಾಲ್ ಕಡೆ ಹೋಗ್ಬಿಟ್ರು."

ನನ್ನ ಮೈ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ, ನನ್ನ ಇನ್ನೊಂದು ಪಕ್ಕ ಕೂತಿದ್ದ, ಈಗ ಕೂದಲು ಪೂರಾ ಬೆಳ್ಳಗಾಗಿರುವ ಅವ್ವ ಕೇಳಿದಳು, "ಹಂಗಂತ ನಿಮಗ ಯಾರ ಹೇಳಿದ್ರು?"

"ಎಲ್ರೂ ಹೇಳ್ತಾರಲ್ಲ ಆಂಟಿ."

"ಎಲ್ಲಾರೂ ಹೇಳಿದ್ರ ನನಗ ಸಂಶಯ. ಆ ಹುಡುಗರನ್ನ ಕೇಳೀರೇನು?"

ಅವರು ನಕ್ಕು ಫೋನು ತೆಗೆದರು.

ಪಂದ್ಯ ಮುಗಿದು ಹೊರಟೆವು. ಏಳು ಸೀಟಿನ ಗಾಡಿ ನಮ್ಮದು. ಹೈವೇ ಹತ್ತಿದ ಮೇಲೆ, ಮುಂದೆ ಕೂತ ಅವ್ವ ಅಭ್ಯಾಸಬಲದಿಂದ ಶೇಂಗಾದ ಚೀಲವನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿದಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಆರ್ಯ, "ನೋ ಥ್ಯಾಂಕ್ಸ್, ಅಜ್ಜಿ" ಎಂದ. ಅವಳ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಅವಳು ಮೆಲ್ಲಗೆ ಕತ್ತು ತಿರುಗಿಸಿ, ಸಾಲುಸಾಲಾಗಿ ಖಾಲಿ ಇದ್ದ ಸೀಟುಗಳನ್ನು ನೋಡಿದಳು.

"ಇಷ್ಟ ದೊಡ್ಡ ಗಾಡಿ ತಗೊಂಡೀರಿ," ಎಂದಳು. "ದಾರ್ಯಾಗ ಯಾರನ್ನೂ ಹತ್ತಿಸ್ಕೊಳ್ಳಂಗಿಲ್ಲೇನು?"