ಪೇಂಟರ್ ಮಾವನ ಖಾಲಿ ಪರದೆ

ಲಕ್ವ ಹೊಡೆದು ಬಲಗೈಗೆ ಕುಂಚ ಹಿಡಿಯಲಾಗದೆ ಹೋದಾಗ ಪೇಂಟರ್ ಎಡಗೈಯಲ್ಲಿ ಮೌಸ್ ಹಿಡಿದರು. ಆ ಬೀದಿಯ ಹೆಚ್ಚಿನ ಅಂಗಡಿಗಳ ಬೋರ್ಡು ಬರೆದವರು ಅವರೇ. ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಸೊಸೆ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಇಟ್ಟುಕೊಟ್ಟಿದ್ದಳು. ಅಕ್ಷರ ಬಿಡಿಸುವ ತಂತ್ರಾಂಶವನ್ನು ಅವರು ಮೆಲ್ಲಗೆ ಪಳಗಿಸಿಕೊಂಡರು. ಕಾಯಿಲೆಯ ನಂತರದ ಮೊದಲ ಗಿರಾಕಿಯೂ ಸಿಕ್ಕಿದ್ದಳು: ಬೀದಿಯ ತುದಿಯಲ್ಲಿ ಬೇಕರಿ ತೆರೆಯಲಿದ್ದ ಹೆಂಗಸು. ಗೊತ್ತು ಮಾಡಿದ ದಿನ ಮಧ್ಯಾಹ್ನದೊಳಗೆ ಬೋರ್ಡು ಒಪ್ಪಿಗೆಯಾಗದಿದ್ದರೆ ಮುದ್ರಿಸುವ ಅಂಗಡಿಯವರಿಂದಲೇ ಬರೆಸಿಕೊಳ್ಳುವುದಾಗಿ ಆಕೆ ಮೊದಲೇ ಹೇಳಿದ್ದಳು.

ಅಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಪರದೆ ಬರಿದಾಗಿತ್ತು. ಹಿಂದಿನ ಸಂಜೆ ಸೊಸೆ ಲಿನಕ್ಸಿನ ಹೊಸ ಆವೃತ್ತಿ ಹಾಕಿದ್ದಳು. ಕೆಳಗಿನ ಪಟ್ಟಿ ಇಲ್ಲ, ಮೂಲೆಯ ಗುಂಡಿ ಇಲ್ಲ, ಅಭ್ಯಾಸಕ್ಕೆಂದು ಬಿಡಿಸಿ ಪರದೆಯ ತುಂಬ ಅವರು ಹರವಿಕೊಂಡಿದ್ದ ಬೋರ್ಡುಗಳೂ ಇಲ್ಲ, ಬೇಕರಿಯದೂ ಇಲ್ಲ.

“ಬೀದಿಗೆ ಬೀದೀನೇ ಗುಡಿಸಿ ಹಾಕಿದ್ದೀಯಲ್ಲಮ್ಮ,” ಎಂದರು.

“ಎಲ್ಲಾ ಒಳಗಿದೆ ಮಾವ. ಎದುರಿಗೆ ಹರವಿಲ್ಲ ಅಷ್ಟೆ.”

ಸೌತೆಕಾಯಿ ಹೆಚ್ಚುತ್ತಿದ್ದ ಹೆಂಡತಿ ಅಡುಗೆಮನೆಯಿಂದಲೇ ಹೇಳಿದರು: “ಕುಣಿಯಲಾರದೋರಿಗೆ ನೆಲ ಡೊಂಕಂತೆ.”

“ನೆಲಾನೇ ಕಾಣ್ತಿಲ್ಲ ಕಣೇ, ಡೊಂಕೆಲ್ಲಿ ನೋಡ್ಲಿ?”

ಸೊಸೆ ಕೀಬೋರ್ಡಿನ ಕೆಳಸಾಲಿನಲ್ಲಿ ಎಡಗಡೆಯ ಒಂದು ಕೀಲಿ ತೋರಿಸಿದಳು. ಅದನ್ನು ಒತ್ತಿದಾಗ ಮೇಲೆ ಹುಡುಕುವ ಖಾನೆ ಬಂತು. ಬೇಕಾದ್ದರ ಹೆಸರು ಬರೆದರೆ ಸಾಕು ಎಂದಳು. ಅವರು ಒಂದೇ ಬೆರಳಿನಲ್ಲಿ ‘ಬೇಕರಿ’ ಎಂದು ಒತ್ತಿದರು. ಏನೂ ಸಿಗಲಿಲ್ಲ.

“ಏನಂತ ಹೆಸರಿಟ್ಟು ಉಳಿಸಿದ್ರಿ?”

ಪೇಂಟರ್ ಗಲ್ಲ ಕೆರೆದುಕೊಂಡರು. “‘ಅ’ ಅಂತ. ಅದರ ಮುಂದಿನದಕ್ಕೆ ಎರಡು ‘ಅ’. ಆಮೇಲಿನದಕ್ಕೆ ಇನ್ನೂ ಒಂದು ಸೇರಿಸಿದೆ.”

ಮೊದಲು ಕುಂಚ ಹಿಡಿದು ಶೆಡ್ಡಿನಲ್ಲಿ ಕೆಲಸ ಮಾಡುವಾಗಲೂ ಅವರದು ಇದೇ ರೀತಿ. ಒಣಗಲು ಗೋಡೆಗೊರಗಿಸಿದ ಬೋರ್ಡುಗಳಲ್ಲಿ ಯಾವುದು ಯಾರದೆಂದು ಜಾಗ ನೋಡಿಯೇ ಹೇಳುತ್ತಿದ್ದರು. ಪರದೆಯಲ್ಲೂ ಬೇಕರಿಯದು ಬಲಮೂಲೆಯದು, ಅಷ್ಟೇ ಅವರಿಗೆ ಗೊತ್ತಿದ್ದದ್ದು.

“ಊರಿಗೆಲ್ಲ ಹೆಸರು ಬರೆದೋರು ನಿಮ್ಮ ಕೆಲಸಕ್ಕೆ ಒಂದು ಹೆಸರಿಡಲಿಲ್ವಾ ಮಾವ?”

“ಬೋರ್ಡಿನ ಮೇಲೇ ಹೆಸರಿರುತ್ತಲ್ಲಮ್ಮ. ಬೋರ್ಡಿಗೆ ಇನ್ನೊಂದು ಬೋರ್ಡು ಯಾಕೆ?”

ಹಳೆಯದನ್ನೇ ಮತ್ತೆ ಹಾಕಿಕೊಡಲೇ ಎಂದು ಸೊಸೆ ಕೇಳಿದಳು. ಹಾಕಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಕಳೆದೇ ಹೋಗುತ್ತದೆಂದು ಅವರು ಬೇಡವೆಂದರು. ಅವಳು ಕಡತಗಳ ಪೆಟ್ಟಿಗೆ ತೆರೆದು ಚಿತ್ರಗಳನ್ನು ದೊಡ್ಡದು ಮಾಡಿದಳು. ಹೆಸರಾಗಿ ಸಾಲುಗಟ್ಟಿದ ‘ಅ’ಗಳ ಮೇಲೆ ಕಂದು ಬಣ್ಣದ ಬೇಕರಿ ಬೋರ್ಡು ಕಂಡಿತು. ಪೇಂಟರ್ ಅದಕ್ಕೆ ‘ಬೇಕರಿ’ ಎಂದು ಹೆಸರು ಬರೆದರು. ಸೊಸೆ ಕೆಲಸಕ್ಕೆ ಹೋದಳು. ಉಳಿದವಕ್ಕೂ ಒಂದೊಂದಾಗಿ ಹೆಸರಿಡುತ್ತ ಅವರು ಅಲ್ಲೇ ಕುಳಿತರು. ಕೀಲಿ ಒತ್ತಿ ಎರಡಕ್ಷರ ಬರೆಯುವಷ್ಟರಲ್ಲಿ ಬೇಕಾದ್ದು ಎದುರಿಗೆ ಬರುತ್ತಿತ್ತು. ಮೊದಲು ಮೌಸ್ ಅನ್ನು ಆ ಮೂಲೆಯಿಂದ ಈ ಮೂಲೆಗೆ ಎಳೆಯುವಾಗ ಕೈ ಸೋತು ಜಾರುತ್ತಿತ್ತು. ಈಗ ಬೆರಳಿಗಷ್ಟೇ ಕೆಲಸ.

“ಯಾರನ್ನ ಕರೀತಿದ್ದೀರಿ ಅಷ್ಟು ಸಲ?” ಹೆಂಡತಿ ಕೇಳಿದರು.

“ಕರೆದ ಕೂಡಲೇ ಬರ್ತವೆ ಕಣೇ. ಈ ಮನೇಲಿ ಇದೇ ಮೊದಲು.”

ಹನ್ನೊಂದರ ಸುಮಾರಿಗೆ ಬೇಕರಿಯಾಕೆ ಬಂದು ಅವರ ಹಿಂದೆ ನಿಂತಳು. ಪೇಂಟರ್ ಕೀಲಿ ಒತ್ತಿ ‘ಬೇ’ ಎಂದು ಬರೆದರು, ಬೋರ್ಡು ತೆರೆಯಿತು. ಆಕೆ ಬಗ್ಗಿ ನೋಡಿದಳು.

“ಅಕ್ಷರ ಸ್ವಲ್ಪ ಸಣಕಲಾಯ್ತು. ಮುದ್ರಿಸೋ ಅಂಗಡಿಯವರಿಗೆ ಹೇಳಿ ದಪ್ಪ ಮಾಡಿಸ್ಲಾ?”

“ಅವರ‍್ಯಾಕೆ? ಕೂತ್ಕೊಳ್ಳಿ.”

ಅವರು ಒಂದೊಂದೇ ಅಕ್ಷರದ ಬೆನ್ನನ್ನು ಎಳೆದು ಕೊಬ್ಬಿಸಿದರು. ಎಡಗೈ ದಣಿದಾಗ ನಿಲ್ಲಿಸಿ, ಮತ್ತೆ ಮುಂದುವರಿಸಿದರು. ಆಕೆ ಅವಸರ ಮಾಡಲಿಲ್ಲ.

“ಈಗ ಮೈ ಬಂತು,” ಎಂದಳು ಕೊನೆಗೆ. “ಇದನ್ನೇ ಮುದ್ರಿಸೋಕೆ ಕಳಿಸಿ. ಒಳಗೆ ಗೋಡೆಗೆ ತಿಂಡಿಗಳ ಹೆಸರೂ ಬರೆಸಬೇಕಿತ್ತು. ನಿಮ್ಮ ಕೈಲಾಗುತ್ತಾ?”

ಪೇಂಟರ್ ಹೊಸ ಹಾಳೆ ತೆರೆದರು.

“ಹೇಳ್ತಾ ಹೋಗಿ,” ಎಂದರು. “ಬನ್ನಿಂದ ಶುರು ಮಾಡೋಣ.”